ನವಿಲು, ಕೆಂಬೂತ, ಚಿರತೆ: ಚಲನಚಿತ್ರೋತ್ಸವಗಳ ಮುಖಮುದ್ರೆಯನ್ನು ಕುರಿತು

ಚಲನಚಿತ್ರೋತ್ಸವಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆಯ ಬಹುಪಾಲು ಅಲ್ಲಿ ತೋರಿಸಲಾದ ಚಿತ್ರಗಳನ್ನು ಕುರಿತದ್ದು. ಅದು ಸಹಜವೇ. ಆದರೆ ಮೊದಲ ಚಿತ್ರ ತೆರೆಯ ಮೇಲೆ ಮೂಡುವುದಕ್ಕೆ ಎಷ್ಟೋ ದಿನ ಮುಂಚೆಯೇ ಉತ್ಸವವೊಂದು ಊರಿನ ಗೋಡೆಗಳ ಮೇಲೆ, ಬಸ್ಸುಗಳ ಮೈಮೇಲೆ, ಕೈಚೀಲ ಮತ್ತು ಕೊರಳಪಟ್ಟಿಗಳ ಮೇಲೆ ತನ್ನ ಮುಖ ತೋರಿಸತೊಡಗಿರುತ್ತದೆ. ಒಂದು ಲಾಂಛನ, ಒಂದೆರಡು ಬಣ್ಣ, ಒಂದು ಬಗೆಯ ಅಕ್ಷರ, ವರ್ಷಕ್ಕೊಂದು ಭಿತ್ತಿಪತ್ರ: ಇಷ್ಟು ಸೇರಿದರೆ ಉತ್ಸವದ ಮುಖಮುದ್ರೆ. ಈ ಮುಖಮುದ್ರೆಯು ಉತ್ಸವ ಯಾರದ್ದು, ಯಾರನ್ನು ಕರೆಯುತ್ತಿದೆ, ಯಾವ ಭಾಷೆಯಲ್ಲಿ ಕರೆಯುತ್ತಿದೆ ಎಂಬುದನ್ನು ಚಿತ್ರಗಳಿಗಿಂತ ಮೊದಲೇ ಹೇಳಿಬಿಟ್ಟಿರುತ್ತದೆ. ಸಾಹಿತ್ಯ ಕೃತಿಯೊಂದನ್ನು ಓದುವಷ್ಟೇ ಎಚ್ಚರದಿಂದ ಇದನ್ನೂ ಓದಬೇಕೆಂಬುದು ಈ ಲೇಖನದ ಆಶಯ.

ನಮ್ಮಲ್ಲಿ ಒಂದು ಗಾದೆಯಿದೆ: ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಹಾಗೆ. ದೊಡ್ಡವರ ಸೊಬಗನ್ನು ಅನುಕರಿಸಲು ಹೊರಟ ಸಣ್ಣವರನ್ನು ಹಂಗಿಸುವ ಮಾತು ಅದು. ಕಾಸರಗೋಡಿನ ನೆಲದಲ್ಲಿ ನಿಂತು ನೋಡಿದರೆ ಬಡಗಣ ದಿಕ್ಕಿನಲ್ಲಿ ಗೋವೆಯ ಭಾರತೀಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ, ತೆಂಕಣ ದಿಕ್ಕಿನಲ್ಲಿ ತಿರುವನಂತಪುರದ ಕೇರಳ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ. ಮೊದಲನೆಯದರ ಪರಮೋಚ್ಚ ಪ್ರಶಸ್ತಿ ಸ್ವರ್ಣಮಯೂರ. ಎರಡನೆಯದರದ್ದು ಸುವರ್ಣ ಚಕೋರ; ಇಂಗ್ಲಿಷಿಗೆ ಅನುವಾದಿಸುವಾಗ ಕೇರಳದವರು ಈ ಚಕೋರವನ್ನು ಕೆಂಬೂತವೆಂದೇ ಹೇಳುತ್ತಾರೆ. ಹೀಗೆ ಗಾದೆಯ ಎರಡು ಹಕ್ಕಿಗಳೂ ನಮ್ಮ ಎಡಬಲಗಳಲ್ಲಿ ಕುಳಿತಿವೆ. ಗಾದೆ ಹೇಳುವುದು ಇಲ್ಲಿ ನಿಜವೇ ಎಂದು ಪರೀಕ್ಷಿಸುವ ಮುನ್ನ ಮೂರನೆಯ ಪ್ರಾಣಿಯೊಂದನ್ನು ಕಂಡು ಬರುವುದು ಒಳ್ಳೆಯದು. ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೋ ಎಂಬ ಪುಟ್ಟ ಊರಿನ ಚಿರತೆ. ಮುಖಮುದ್ರೆಯ ವಿಷಯದಲ್ಲಿ ಅಷ್ಟು ಸಣ್ಣ ಊರೊಂದು ಸಾಧಿಸಿದ್ದನ್ನು ಹೆಚ್ಚು ದೊಡ್ಡ ನಗರಗಳು ಸಾಧಿಸಿಲ್ಲ. ಅಲ್ಲದೆ ಲೊಕಾರ್ನೋ ನಮ್ಮಂತೆಯೇ ಗಡಿನಾಡು.

ಗಡಿನಾಡಿನ ಒಂದು ಊರು

ಲೊಕಾರ್ನೋ ಇರುವುದು ತಿಚಿನೋ ಪ್ರಾಂತದಲ್ಲಿ, ಮಜ್ಜೋರೆ ಸರೋವರದ ದಡದಲ್ಲಿ. ಅದೇ ಸರೋವರದ ಕೆಳಭಾಗ ಇಟಲಿಗೆ ಸೇರಿದ್ದು. ತಿಚಿನೋದ ಜನ ಆಡುವುದು ಇಟಾಲಿಯನ್. ದೇಶದ ಬಹುಸಂಖ್ಯಾತರು ಆಡುವುದು ಜರ್ಮನ್. ಇಟಾಲಿಯನ್ ಮಾತನಾಡುವವರು ಇಡೀ ಸ್ವಿಟ್ಜರ್ಲೆಂಡಿನಲ್ಲಿ ನೂರಕ್ಕೆ ಎಂಟರಷ್ಟು. ರಾಜಕೀಯ ಗಡಿ ಒಂದು ಕಡೆ, ಭಾಷೆಯ ಗಡಿ ಇನ್ನೊಂದು ಕಡೆ ಹಾದುಹೋದ ನಾಡು ಅದು. ಹೋಲಿಕೆಗೂ ಮಿತಿಯಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಇಟಾಲಿಯನ್ ಆ ದೇಶದ ನಾಲ್ಕು ರಾಷ್ಟ್ರಭಾಷೆಗಳಲ್ಲಿ ಒಂದು. ತಿಚಿನೋದಲ್ಲಿ ಅದೇ ಆಡಳಿತ ಭಾಷೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಕ್ಕೆ ಅಂಥ ಸ್ಥಾನವಿಲ್ಲ. ಇರುವುದು ಭಾಷಾ ಅಲ್ಪಸಂಖ್ಯಾತರಿಗೆ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟ ರಕ್ಷಣೆ. ಆದರೂ ಬಹುಸಂಖ್ಯಾತರ ಭಾಷೆಯ ನೆರಳಿನಲ್ಲಿ ತನ್ನ ಮಾತನ್ನು ಉಳಿಸಿಕೊಳ್ಳುವ ಚಿಂತೆ ಎರಡು ಕಡೆಗೂ ಪರಿಚಿತವೇ.

ಉತ್ಸವ ಮೊದಲು ಬೇರು ಬಿಡಲೆತ್ನಿಸಿದ್ದು ನೆರೆಯ ಲುಗಾನೋ ನಗರದಲ್ಲಿ. ಅಲ್ಲಿನ ಉದ್ಯಾನದಲ್ಲಿ ಚಿತ್ರಪ್ರದರ್ಶನಕ್ಕಾಗಿ ಬಯಲು ರಂಗಮಂದಿರವೊಂದನ್ನು ಕಟ್ಟುವ ಯೋಜನೆಗೆ ನಾಗರಿಕರು ಮತದಾನದಲ್ಲಿ ಒಪ್ಪಿಗೆ ಕೊಡಲಿಲ್ಲ. ಉತ್ಸವ ಲೊಕಾರ್ನೋಗೆ ಬಂತು. 1946ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಹೋಟೆಲಿನ ತೋಟದಲ್ಲಿ, ಆಕಾಶದ ಕೆಳಗೆ, ಮೊದಲ ಚಿತ್ರವನ್ನು ತೋರಿಸಲಾಯಿತು. 1968ರಲ್ಲಿ ಅದರ ಪ್ರಶಸ್ತಿ ಚಿರತೆಯಾಯಿತು; ಅದಕ್ಕೆ ಮೊದಲು ಇದ್ದದ್ದು ಹಾಯಿಪಟ. ಚಿರತೆಯ ಪ್ರತಿಮೆಯನ್ನು ರೂಪಿಸಿದವರು ಲೊಕಾರ್ನೋದಲ್ಲೇ ಹುಟ್ಟಿದ ಶಿಲ್ಪಿ ರೆಮೋ ರೊಸ್ಸಿ. 1971ರಲ್ಲಿ ಸಂಜೆಯ ಪ್ರದರ್ಶನಗಳು ಊರ ನಡುವಿನ ಪಿಯಾತ್ಸಾ ಗ್ರಾಂದೆ ಎಂಬ ಚೌಕಕ್ಕೆ ಬಂದವು. ಅಲ್ಲಿನ ತೆರೆ ಮತ್ತು ಪ್ರಕ್ಷೇಪಣದ ಕೋಣೆಯನ್ನು ವಿನ್ಯಾಸಗೊಳಿಸಿದ ವಾಸ್ತುಶಿಲ್ಪಿ ಲಿವಿಯೋ ವಾಕ್ಕೀನಿ ಕೂಡ ಅದೇ ಊರಿನವರು. ತೆರೆಯ ಅಳತೆ 26 ಮೀಟರ್ ಅಗಲ, 14 ಮೀಟರ್ ಎತ್ತರ. ಎದುರಿಗೆ ಸುಮಾರು 8,000 ಜನ ಕೂಡಬಹುದು. ಊರಿನ ಜನಸಂಖ್ಯೆ ಹದಿನಾರು ಸಾವಿರದ ಆಸುಪಾಸು ಎಂಬುದನ್ನು ನೆನೆದರೆ ಈ ಚೌಕದ ಅರ್ಥ ಹೊಳೆಯುತ್ತದೆ. ಅರ್ಧ ಊರೇ ಕೂಡುವಷ್ಟು ಜಾಗ ಅಲ್ಲಿದೆ.

ಲಾಂಛನದಿಂದ ಚರ್ಮಕ್ಕೆ

ಯುರೋಪಿನ ದೊಡ್ಡ ಉತ್ಸವಗಳು ತಮ್ಮ ಗುರುತನ್ನು ಪಡೆದದ್ದು ಊರಿನ ಲಾಂಛನಗಳಿಂದ. ಬರ್ಲಿನ್ನಿನ ಕರಡಿ, ವೆನಿಸ್ಸಿನ ಸಂತ ಮಾರ್ಕನ ಸಿಂಹ, ಕಾನ್‌ನ ತಾಳೆಗರಿ, ಇವೆಲ್ಲ ಆಯಾ ಊರಿನ ಗುರಾಣಿ-ಮುದ್ರೆಗಳಲ್ಲಿ ಮೊದಲೇ ಇದ್ದವು. ಲೊಕಾರ್ನೋದ ನಗರಲಾಂಛನದಲ್ಲಿರುವುದು ಬೆಳ್ಳಿಯ ಸಿಂಹ. ಅದೇ ಕುಲದ ಚಿರತೆಯನ್ನು ಉತ್ಸವ ತನ್ನದಾಗಿಸಿಕೊಂಡಿತು. ಸಿಂಹವನ್ನು ವೆನಿಸ್ ಆಗಲೇ ಹಿಡಿದಿಟ್ಟುಕೊಂಡಿದ್ದಾಗ ಚಿರತೆಯ ಕಡೆಗೆ ಸರಿದದ್ದು ಜಾಣತನದ ಹೆಜ್ಜೆ ಎಂದೇ ನಮಗೆ ತೋರುತ್ತದೆ.

ಅಲ್ಲಿಯವರೆಗಿನದು ಎಲ್ಲ ಉತ್ಸವಗಳ ಕಥೆಯೇ. ಲೊಕಾರ್ನೋದ ನಿಜವಾದ ಸಾಧನೆ ಅದರ ನಂತರದ್ದು. ಉತ್ಸವವು ಪ್ರಾಣಿಯನ್ನು ಬಿಟ್ಟು ಪ್ರಾಣಿಯ ಚರ್ಮವನ್ನು ಹಿಡಿಯಿತು. ಹಳದಿಯ ಮೇಲೆ ಕಪ್ಪು ಮಚ್ಚೆಗಳು: ಇಂದು ಲೊಕಾರ್ನೋದ ಭಿತ್ತಿಪತ್ರ, ಪುಸ್ತಿಕೆ, ಚೀಲ, ಅಂಗಡಿಗಳ ಗಾಜಿನ ಕಪಾಟು ಎಲ್ಲೆಡೆ ಕಾಣುವುದು ಇದೇ. ಚೌಕದಲ್ಲಿ ಹಾಸಿದ ಕುರ್ಚಿಗಳೂ ಹಳದಿ ಮತ್ತು ಕಪ್ಪು. ಚಿತ್ರ ಆರಂಭವಾಗುವ ಮುನ್ನ ತೆರೆಯ ಮೇಲೂ ಚಿರತೆ ನಡೆದು ಬರುತ್ತದೆ.

ಲಾಂಛನಕ್ಕೂ ವಿನ್ಯಾಸಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಲಾಂಛನವೊಂದು ಪೂರ್ಣವಾಗಿ ಕಂಡರೆ ಮಾತ್ರ ಅದು ಲಾಂಛನ. ಕರಡಿಯ ಕಾಲನ್ನು ಮಾತ್ರ ತೋರಿಸಿದರೆ ಅದು ಬರ್ಲಿನ್ ಆಗುವುದಿಲ್ಲ. ಮಚ್ಚೆಗಳ ವಿನ್ಯಾಸಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಅದರ ಯಾವ ತುಂಡನ್ನು ಕತ್ತರಿಸಿದರೂ ಅದು ಇಡಿಯೇ. ಅಂಗೈಯಗಲದ ಪ್ರವೇಶಪತ್ರಕ್ಕೂ ಮೂರಂತಸ್ತಿನ ಬಟ್ಟೆಯ ಪತಾಕೆಗೂ ಅದು ಒಂದೇ ಬಗೆಯಲ್ಲಿ ಒಗ್ಗುತ್ತದೆ. ಎರಡನೆಯದಾಗಿ, ಊರಿನವರು ಅದನ್ನು ತಾವೇ ಮಾಡಿಕೊಳ್ಳಬಹುದು. ರೊಟ್ಟಿಯಂಗಡಿಯವನು ಹಳದಿ ಕಾಗದಕ್ಕೆ ಕಪ್ಪು ಚುಕ್ಕೆಗಳನ್ನು ಅಂಟಿಸಿ ಬಾಗಿಲಿಗೆ ತೂಗುಹಾಕಿದರೆ ಅವನೂ ಉತ್ಸವದ ಒಳಗಿನವನಾಗುತ್ತಾನೆ. ಕಲಾವಿದನ ಕೈಯೂ ಬೇಡ, ಕಚೇರಿಯ ಅಪ್ಪಣೆಯೂ ಬೇಡ. ನಮ್ಮೂರ ಜಾತ್ರೆಗೆ ಮಾವಿನ ತೋರಣ ಕಟ್ಟುವ ಹಾಗೆ. ಮಾವಿನ ಎಲೆಗೆ ವಿನ್ಯಾಸಕಾರ ಯಾರೆಂದು ಕೇಳುವವರಿಲ್ಲ, ಆದರೆ ಅದು ಕಂಡೊಡನೆ ಇಲ್ಲಿ ಉತ್ಸವವಿದೆ ಎಂದು ಪರಊರವನಿಗೂ ತಿಳಿಯುತ್ತದೆ.

ಮೂರನೆಯದಾಗಿ, ಹಳದಿ-ಕಪ್ಪು ಜೋಡಿ ದೂರಕ್ಕೆ ಎದ್ದು ಕಾಣುವ ಬಣ್ಣಗಳಲ್ಲಿ ಮೊದಲ ಸಾಲಿನದು. ರಸ್ತೆಯ ಎಚ್ಚರಿಕೆ ಫಲಕಗಳಲ್ಲಿ ಅದನ್ನು ಬಳಸುವುದು ಇದೇ ಕಾರಣಕ್ಕೆ. ಭಿತ್ತಿಪತ್ರವನ್ನು ಮೂರು ದೂರಗಳಿಂದ ಓದಬೇಕಾಗುತ್ತದೆ: ಚಲಿಸುವ ಬಸ್ಸಿನಿಂದ, ರಸ್ತೆಯ ಆಚೆ ಬದಿಯಿಂದ, ಕೊನೆಗೆ ಗೋಡೆಯ ಬುಡದಲ್ಲಿ ನಿಂತು. ಬಸ್ಸಿನಲ್ಲಿರುವವನಿಗೆ ಬಣ್ಣ ಮಾತ್ರ ಸಿಗುತ್ತದೆ, ಆಚೆ ಬದಿಯವನಿಗೆ ಹೆಸರೂ ದಿನಾಂಕವೂ ಸಿಗಬೇಕು, ಬುಡದಲ್ಲಿ ನಿಂತವನಿಗೆ ಉಳಿದ ವಿವರ. ಮೊದಲ ದೂರವನ್ನು ಲೊಕಾರ್ನೋ ಅಕ್ಷರದ ನೆರವಿಲ್ಲದೆಯೇ ಗೆದ್ದುಕೊಂಡಿದೆ. ಇಟಾಲಿಯನ್, ಜರ್ಮನ್, ಫ್ರೆಂಚ್ ಮೂರೂ ಬಲ್ಲವರಿಗೂ ಯಾವುದೂ ಬಾರದವರಿಗೂ ಆ ಹಳದಿ ಒಂದೇ ಮಾತನ್ನು ಹೇಳುತ್ತದೆ.

ತಾರೆಯ ಮುಖ, ತಂತ್ರಜ್ಞನ ಬೆನ್ನು

ಇದಕ್ಕೆ ಎದುರಾದ ದಾರಿ ಕಾನ್ ಉತ್ಸವದ್ದು. ಕಾನ್ ತನ್ನ ಭಿತ್ತಿಪತ್ರವನ್ನು ವರ್ಷವರ್ಷವೂ ಹೊಸದಾಗಿ ಕಟ್ಟುತ್ತದೆ. ಇತ್ತೀಚಿನ ದಶಕಗಳಲ್ಲಿ ಅದು ಹೆಚ್ಚಾಗಿ ನೆಚ್ಚಿಕೊಂಡಿರುವುದು ಹಳೆಯ ಚಿತ್ರಗಳ ತಾರೆಯರ ಛಾಯಾಚಿತ್ರಗಳನ್ನು. 2012ರಲ್ಲಿ ಮರ್ಲಿನ್ ಮನ್ರೋ, 2014ರಲ್ಲಿ ಮಾರ್ಚೆಲ್ಲೋ ಮಾಸ್ತ್ರೊಯಾನಿ, 2015ರಲ್ಲಿ ಇಂಗ್ರಿಡ್ ಬರ್ಗ್‌ಮನ್. ಇದು ನೆನಪಿನ ಮೇಲೆ ನಿಂತ ಮುಖಮುದ್ರೆ. ಇಲ್ಲಿ ಉತ್ಸವ ಹೇಳುವುದು, ಸಿನಿಮಾದ ಇತಿಹಾಸ ನಮ್ಮ ಮನೆಯದು ಎಂದು.

ಈ ಮಾರ್ಗದ ಅಪಾಯ 2017ರಲ್ಲಿ ಬಯಲಾಯಿತು. ಆ ವರ್ಷದ ಭಿತ್ತಿಪತ್ರದಲ್ಲಿ 1959ರಲ್ಲಿ ರೋಮಿನ ಮನೆಯೊಂದರ ಮಾಳಿಗೆಯ ಮೇಲೆ ಲಂಗ ಬೀಸಿ ಕುಣಿಯುತ್ತಿರುವ ಕ್ಲೌದಿಯಾ ಕಾರ್ದಿನಾಲೆ ಇದ್ದರು. ಮೂಲ ಛಾಯಾಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ನಟಿಯ ನಡುವನ್ನೂ ತೊಡೆಯನ್ನೂ ಸಪೂರಗೊಳಿಸಿದ್ದು ಕಂಡಿತು. ವಿವಾದವಾಯಿತು, ನಟಿ ಮಾತ್ರ ಅದನ್ನು ಶಾಂತವಾಗಿಯೇ ತೆಗೆದುಕೊಂಡರು. ನಟಿಗೆ ಬೇಸರವಾಗಲಿಲ್ಲ ಎಂಬುದರಿಂದ ವಿಮರ್ಶೆಯ ಪ್ರಶ್ನೆ ಮುಗಿಯುವುದಿಲ್ಲ. ಇತಿಹಾಸವನ್ನು ಗೌರವಿಸುತ್ತೇವೆಂದು ಹೊರಟ ಭಿತ್ತಿಪತ್ರವೇ ಇತಿಹಾಸದ ದೇಹವನ್ನು ಇಂದಿನ ಅಂಗಡಿಯ ಅಳತೆಗೆ ಕತ್ತರಿಸಿದರೆ ಆ ಗೌರವದ ಬೆಲೆಯೇನು?

ಎರಡೇ ವರ್ಷಗಳ ನಂತರ ಅದೇ ಕಾನ್ ಅದೇ ಮಾರ್ಗದಲ್ಲಿ ತನ್ನ ಅತ್ಯುತ್ತಮ ಭಿತ್ತಿಪತ್ರವನ್ನು ಕೊಟ್ಟಿತು. 2019ರ ಮಾರ್ಚ್‌ನಲ್ಲಿ ಆನ್ಯೆಸ್ ವಾರ್ದಾ ತೀರಿಕೊಂಡರು. ಆ ವರ್ಷದ ಭಿತ್ತಿಪತ್ರದಲ್ಲಿ 1954ರ ಒಂದು ದೃಶ್ಯ: ತಮ್ಮ ಮೊದಲ ಚಿತ್ರ 'ಲಾ ಪ್ವಾಂತ್ ಕೂರ್ತ್'ನ ಚಿತ್ರೀಕರಣದಲ್ಲಿ ಇಪ್ಪತ್ತಾರರ ವಾರ್ದಾ ಬಾಗಿ ನಿಂತ ತಂತ್ರಜ್ಞನೊಬ್ಬನ ಬೆನ್ನ ಮೇಲೆ ಹತ್ತಿ ನಿಂತು ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟಿದ್ದಾರೆ. ನಿರ್ದೇಶಕಿಯ ಮುಖ ಕ್ಯಾಮೆರಾಕ್ಕೆ ಮರೆಯಾಗಿದೆ. ನೋಡುಗನಿಗೆ ಕಾಣುವುದು ಕೆಲಸ: ಒಬ್ಬರ ನೋಟ, ಇನ್ನೊಬ್ಬನ ಬೆನ್ನು. ಹತ್ತು ತಾರೆಯರ ನಗೆಮುಖಗಳು ಹೇಳಲಾರದ್ದನ್ನು ಆ ಬಾಗಿದ ಬೆನ್ನು ಹೇಳುತ್ತದೆ. ಸಿನಿಮಾ ಎಂಬುದು ಯಾರೋ ಹೊತ್ತುಕೊಂಡದ್ದರಿಂದ ಯಾರಿಗೋ ಕಂಡದ್ದು. ಭಿತ್ತಿಪತ್ರವೂ ವಿಮರ್ಶೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಕಾನ್‌ನ ಇತಿಹಾಸದಲ್ಲಿ ಇನ್ನೊಂದು ಭಿತ್ತಿಪತ್ರವೂ ನೆನೆಯತಕ್ಕದ್ದು. ಉತ್ಸವ ಮೊದಲು ನಡೆಯಬೇಕಾಗಿದ್ದದ್ದು 1939ರ ಸೆಪ್ಟೆಂಬರ್ 1ರಂದು. ಚಿತ್ರಕಾರ ಜಾನ್-ಗಾಬ್ರಿಯೆಲ್ ದೊಮೆರ್ಗ್ ಅದಕ್ಕೆ ಭಿತ್ತಿಪತ್ರ ಬರೆದದ್ದೂ ಆಗಿತ್ತು. ಅದೇ ದಿನ ಹಿಟ್ಲರನ ಸೇನೆ ಪೋಲೆಂಡನ್ನು ಹೊಕ್ಕಿತು. ಉತ್ಸವ ನಡೆಯಲಿಲ್ಲ, ಭಿತ್ತಿಪತ್ರ ಉಳಿಯಿತು. ಭಿತ್ತಿಪತ್ರವೆಂದರೆ ಮೂಲತಃ ಒಂದು ವಾಗ್ದಾನ. ನಡೆಸಿಕೊಡುವುದು ಅದರ ಕೈಯಲ್ಲಿಲ್ಲ.

ಚಿರತೆಯ ಕೊರತೆ

ಲೊಕಾರ್ನೋದ ಕಡೆಗೆ ಮರಳೋಣ. ಹೊಗಳಿಕೆಯಷ್ಟೇ ಆದರೆ ವಿಮರ್ಶೆಯಾಗುವುದಿಲ್ಲ. ಆ ಹಳದಿಯ ಬಗ್ಗೆ ನಮ್ಮ ಆಕ್ಷೇಪಗಳು ಎರಡು.

ಒಂದು, ಉತ್ಸವದ ಚಿತ್ರಗಳಿಗೂ ಮುಖಮುದ್ರೆಗೂ ಇರುವ ಅಂತರ. ಲೊಕಾರ್ನೋ ಹೆಸರಾಗಿರುವುದು ಹೊಸಬರನ್ನು, ಯಾರೂ ಕೇಳದ ನಿರ್ದೇಶಕರನ್ನು ನೆಚ್ಚುವುದಕ್ಕೆ. ನಮಗೇ ಅದರ ಅನುಭವವುಂಟು. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' 1972ರಲ್ಲಿ ಅಲ್ಲಿ ಕಂಚಿನ ಚಿರತೆಯನ್ನು ಪಡೆಯಿತು. 2015ರಲ್ಲಿ ರಾಮ್ ರೆಡ್ಡಿಯವರ 'ತಿಥಿ', ಮಂಡ್ಯ ಸೀಮೆಯ ಹಳ್ಳಿಯೊಂದರ ಜನರನ್ನೇ ನಟರನ್ನಾಗಿಸಿ ಅವರ ಮಾತಿನಲ್ಲೇ ಮಾಡಿದ ಚಿತ್ರ, 'ಚಿನೆಯಾಸ್ತಿ ದೆಲ್ ಪ್ರೆಸೆಂತೆ' ಎಂಬ ವಿಭಾಗದಲ್ಲಿ ಚಿನ್ನದ ಚಿರತೆಯನ್ನೇ ತಂದಿತು. ಇಷ್ಟು ಧೈರ್ಯದ ಉತ್ಸವ ತನ್ನ ಮುಖದ ವಿಷಯದಲ್ಲಿ ಮಾತ್ರ ಯಾವ ಸಾಹಸಕ್ಕೂ ಕೈಹಾಕುವುದಿಲ್ಲ. ಎಲ್ಲವೂ ಮಚ್ಚೆಯಾದ ಮೇಲೆ ಈ ವರ್ಷದ ಚಿತ್ರಗಳಿಗೂ ಕಳೆದ ವರ್ಷದ ಚಿತ್ರಗಳಿಗೂ ಗೋಡೆಯ ಮೇಲೆ ಭೇದ ಕಾಣುವುದಿಲ್ಲ. ಒಳಗೆ 'ತಿಥಿ'ಯಂಥ ಚಿತ್ರವಿದೆ ಎಂಬ ಸುಳಿವನ್ನು ಹಳದಿ ಕೊಡಲಾರದು. ಬ್ಯಾಂಕು, ವಿಮಾ ಸಂಸ್ಥೆ, ದೂರವಾಣಿ ಕಂಪೆನಿಗಳ ಹೆಸರುಗಳು ಆ ಮಚ್ಚೆಗಳ ನಡುವೆ ಬಂದು ಕೂತಾಗ ಅವೂ ಮಚ್ಚೆಗಳಂತೆಯೇ ಸಲೀಸಾಗಿ ಬೆರೆತುಹೋಗುತ್ತವೆ. ಯಾವುದನ್ನೂ ತಳ್ಳದ ವಿನ್ಯಾಸಕ್ಕೆ ಇದು ತೆರಬೇಕಾದ ಬೆಲೆ.

ಎರಡನೆಯದು ನಮಗೆ ಇನ್ನೂ ಮುಖ್ಯ. ಅಕ್ಷರದ ಹಂಗಿಲ್ಲದ ಮುಖಮುದ್ರೆ ಕ್ರಮೇಣ ಅಕ್ಷರದ ಮೇಲಿನ ಕಾಳಜಿಯನ್ನೂ ಕಳೆದುಕೊಳ್ಳಬಹುದು. ಉತ್ಸವ ತನ್ನ ಎಪ್ಪತ್ತನೆಯ ಆವೃತ್ತಿಯನ್ನು ಆಚರಿಸಿದ 2017ರವರೆಗೆ ಅದರ ಹೆಸರು ಇಟಾಲಿಯನ್‌ನಲ್ಲಿ 'ಫೆಸ್ತಿವಾಲ್ ದೆಲ್ ಫಿಲ್ಮ್ ಲೊಕಾರ್ನೋ' ಎಂದಿತ್ತು. ಈಗ ಅದು ಇಂಗ್ಲಿಷ್ ಕ್ರಮದ 'ಲೊಕಾರ್ನೋ ಫಿಲ್ಮ್ ಫೆಸ್ಟಿವಲ್'. ಬದಲಾದದ್ದು ಒಂದೆರಡು ಪದ, ಒಂದು ವಿಭಕ್ತಿ. ಬಣ್ಣ ಬದಲಾಗಲಿಲ್ಲವಾದ್ದರಿಂದ ಮುಖ ಬದಲಾದದ್ದು ಹೆಚ್ಚು ಜನರಿಗೆ ತಿಳಿಯಲೂ ಇಲ್ಲ. ಚಿರತೆಯ ಚರ್ಮ ಭದ್ರವಾಗಿದ್ದರೆ ಅದರ ನಾಲಗೆ ಯಾವುದಾದರೇನು ಎಂಬ ನಿಲುವು ಗಡಿನಾಡಿನ ಭಾಷೆಗೆ ಅಪಾಯದ್ದು.

ಆದರೂ ಇಲ್ಲಿ ಸಮಾಧಾನದ ಅಂಶವೊಂದಿದೆ. ಪ್ರಶಸ್ತಿಯ ಹೆಸರು ಇಂದಿಗೂ 'ಪಾರ್ದೋ ದೋರೋ'. ಚೌಕ 'ಪಿಯಾತ್ಸಾ ಗ್ರಾಂದೆ'. ಕಿರುಚಿತ್ರಗಳ ವಿಭಾಗ 'ಪಾರ್ದಿ ದಿ ದೊಮಾನಿ', ಎಂದರೆ ನಾಳಿನ ಚಿರತೆಗಳು. ಕೊರಿಯಾದ ನಿರ್ದೇಶಕನೂ ಅರ್ಜೆಂಟೀನಾದ ವಿಮರ್ಶಕನೂ ಕರ್ನಾಟಕದ ಪತ್ರಕರ್ತನೂ ಈ ಮಾತುಗಳನ್ನು ಇಟಾಲಿಯನ್‌ನಲ್ಲೇ ಆಡುತ್ತಾರೆ. ಸ್ವಿಟ್ಜರ್ಲೆಂಡಿನ ನೂರಕ್ಕೆ ಎಂಟು ಜನರ ಭಾಷೆ ಹೀಗೆ ವರ್ಷದ ಹನ್ನೊಂದು ದಿನ ಜಗತ್ತಿನ ಬಾಯಲ್ಲಿ ನಲಿಯುತ್ತದೆ. ಫಲಕದ ಮೇಲಿನ ಹೆಸರನ್ನು ಬಿಟ್ಟುಕೊಟ್ಟರೂ ಒಳಗಿನ ಹೆಸರುಗಳನ್ನು ಅನುವಾದಿಸಲು ಒಪ್ಪದೆ ಉಳಿಸಿಕೊಂಡದ್ದರಿಂದ ಇದು ಸಾಧ್ಯವಾಯಿತು.

ನವಿಲಿಗೆ ಊರಿಲ್ಲ, ಕೆಂಬೂತಕ್ಕೆ ಊರಿದೆ

ಈ ಬೆಳಕಿನಲ್ಲಿ ನಮ್ಮ ಎರಡು ಹಕ್ಕಿಗಳನ್ನು ನೋಡಬಹುದು. ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆದದ್ದು 1952ರಲ್ಲಿ, ಮುಂಬಯಿಯಲ್ಲಿ ಆರಂಭವಾಗಿ ಇತರ ನಗರಗಳಿಗೂ ಅದು ಸಂಚರಿಸಿತು. ಸ್ಪರ್ಧೆಯೂ ಸ್ವರ್ಣಮಯೂರವೂ ಬಂದದ್ದು 1965ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ, 1963ರಲ್ಲಿ, ನವಿಲು ರಾಷ್ಟ್ರಪಕ್ಷಿಯಾಗಿತ್ತು. ಉತ್ಸವ ಆಗ ಅಲೆಮಾರಿ. ದೆಹಲಿ, ಕಲ್ಕತ್ತಾ, ಮದರಾಸು, ಹೈದರಾಬಾದು, ತಿರುವನಂತಪುರ ಎಲ್ಲ ಕಡೆಯೂ ಅದು ಬೀಡುಬಿಟ್ಟಿದೆ. ಬೆಂಗಳೂರಿಗೆ 1980ರಲ್ಲೂ 1992ರಲ್ಲೂ ಬಂದಿದೆ. ಯಾವ ಊರಿನದೂ ಅಲ್ಲದ ಉತ್ಸವಕ್ಕೆ ಯಾವ ಊರಿನದೂ ಅಲ್ಲದ ಹಕ್ಕಿ, ಜೊತೆಗೆ 'ವಸುಧೈವ ಕುಟುಂಬಕಂ' ಎಂಬ ಸಂಸ್ಕೃತದ ಘೋಷವಾಕ್ಯ. ಆ ಕಾಲಕ್ಕೆ ಅದು ಸರಿಯಾದ ಆಯ್ಕೆಯೇ ಆಗಿತ್ತು.

2004ರಿಂದ ಉತ್ಸವ ಗೋವೆಯಲ್ಲಿ ನೆಲೆಯೂರಿತು. ನವಿಲು ಮಾತ್ರ ಇನ್ನೂ ರಾಜಧಾನಿಯದಾಗಿಯೇ ಉಳಿದಿದೆ. ಕೊಂಕಣಿಯ ನೆಲದಲ್ಲಿ, ಮರಾಠಿಯೂ ಕನ್ನಡವೂ ಪೇಟೆಬೀದಿಯಲ್ಲಿ ಕೇಳಿಬರುವ ಊರಿನಲ್ಲಿ, ಗರಿ ಬಿಚ್ಚಿದ ನವಿಲು ಒಬ್ಬ ಗೌರವಾನ್ವಿತ ಅತಿಥಿಯಂತೆ ಕಾಣುತ್ತದೆ. ಲೊಕಾರ್ನೋದ ರೊಟ್ಟಿಯಂಗಡಿಯವನು ಮಾಡಿದ್ದನ್ನು ಪಣಜಿಯ ಅಂಗಡಿಯವನು ಮಾಡಲಾರ. ನವಿಲಿನ ಗರಿ ಬರೆಯಲು ಪಳಗಿದ ಕೈ ಬೇಕು ಎಂಬುದು ಒಂದು ಕಾರಣ. ಆ ಹಕ್ಕಿಯನ್ನು ತನ್ನದೆನ್ನಲು ಅವನಿಗೆ ಯಾರೂ ಹೇಳಿಲ್ಲ ಎಂಬುದು ಇನ್ನೂ ದೊಡ್ಡ ಕಾರಣ.

ಇನ್ನು ಕೆಂಬೂತ. ಕೇರಳದ ಉತ್ಸವ ಆರಂಭವಾದದ್ದು 1996ರಲ್ಲಿ. ಚಕೋರವೆಂದರೆ ನಮ್ಮ ಕಾವ್ಯಪರಂಪರೆಯಲ್ಲಿ ಬೆಳದಿಂಗಳನ್ನು ಕುಡಿದು ಬದುಕುವ ಹಕ್ಕಿ. ಕತ್ತಲಲ್ಲಿ ಕುಳಿತು ಬೆಳಕನ್ನು ಹೀರುವ ಸಿನಿಮಾ ಪ್ರೇಕ್ಷಕನಿಗೆ ಇದಕ್ಕಿಂತ ಒಪ್ಪುವ ಪ್ರತಿಮೆ ಸಿಗುವುದು ಕಷ್ಟ. ಇಂಗ್ಲಿಷಿನ ಹೆಸರಿಗೆ ಹೋದೊಡನೆ ಬೆಳದಿಂಗಳು ಸೋರಿಹೋಗಿ, ಬೇಲಿಯ ಪೊದೆಯಲ್ಲಿ ಹುಳು ಹೆಕ್ಕುವ ಕೆಂಬೂತ ಮಾತ್ರ ಉಳಿಯುತ್ತದೆ. ಮಲಯಾಳದ ಚೆಂಬೋತ್ತೂ ಕನ್ನಡದ ಕೆಂಬೂತವೂ ಒಂದೇ ಮಾತಿನ ಎರಡು ಉಚ್ಚಾರಗಳು. ಈ ಇಳಿಕೆಯಲ್ಲೂ ಒಂದು ಲಾಭವಿದೆ ಎಂದು ನಮಗನ್ನಿಸುತ್ತದೆ. ಪುರಾಣದ ಹಕ್ಕಿಯನ್ನು ಯಾರೂ ಕಂಡಿಲ್ಲ; ಕೆಂಬೂತವನ್ನು ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಎಲ್ಲರೂ ಕಂಡಿದ್ದಾರೆ.

ಅದೇ ಉತ್ಸವದ ಲಾಂಛನ ಇನ್ನೂ ಗಟ್ಟಿಯಾದದ್ದು. ಅದು ತೋಲ್ಪಾವಕ್ಕೂತ್ತಿನ ತೊಗಲುಗೊಂಬೆ. ಪಾಲಕ್ಕಾಡು, ತೃಶ್ಶೂರು ಕಡೆಯ ಭದ್ರಕಾಳಿ ದೇಗುಲಗಳ ಎದುರಿನ ಕೂತ್ತುಮಾಡಗಳಲ್ಲಿ, ದೀಪಗಳ ಸಾಲಿನ ಮುಂದೆ ಬಿಳಿಯ ಬಟ್ಟೆಯ ಹಿಂದೆ ಆಡುವ ನೆರಳಿನ ಆಟ. ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮುಂಚೆ ತೆರೆ, ಬೆಳಕು, ಚಲಿಸುವ ನೆರಳು ಮೂರೂ ಈ ನೆಲದಲ್ಲಿ ಇದ್ದವು ಎಂಬುದನ್ನು ಆ ಒಂದು ಆಕೃತಿ ವಾದವಿಲ್ಲದೆ ಹೇಳಿಬಿಡುತ್ತದೆ. ಗಡಿನಾಡಿನವರಾದ ನಮಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಕೇರಳದ ಹೆಮ್ಮೆಯಾದ ಈ ಗೊಂಬೆಗಳು ಆಡುವುದು ತಮಿಳಿನ ಕಂಬರಾಮಾಯಣವನ್ನು. ಪದ್ಯ ತಮಿಳಿನದು, ವಿವರಣೆಯಲ್ಲಿ ಮಲಯಾಳ ಬೆರೆಯುತ್ತದೆ. ರಾಜ್ಯದ ಮುಖವೆಂದು ಆರಿಸಿಕೊಂಡ ಗೊಂಬೆಯ ಬಾಯಲ್ಲಿ ನೆರೆಯ ಭಾಷೆಯಿದೆ. ಮುಖಮುದ್ರೆಯೊಂದು ತನ್ನೊಳಗೆ ಇಷ್ಟು ಔದಾರ್ಯವನ್ನು ಇಟ್ಟುಕೊಂಡಿರುವಾಗ ಆ ಉತ್ಸವದ ಭಿತ್ತಿಪತ್ರದಲ್ಲಿ ಮಲಯಾಳ-ಇಂಗ್ಲಿಷುಗಳ ಜೊತೆಗೆ ರಾಜ್ಯದ ಅಲ್ಪಸಂಖ್ಯಾತರ ಎರಡು ಭಾಷೆಗಳಿಗೂ, ಕಡೆಯ ಪಕ್ಷ ಕಾಸರಗೋಡಿನಲ್ಲೂ ತಮಿಳು ಗಡಿಯಲ್ಲೂ ಅಂಟಿಸುವ ಪ್ರತಿಗಳಲ್ಲಿ, ಜಾಗ ಸಿಗಬೇಕೆಂದು ಕೇಳುವುದು ಅತಿಯಾಸೆಯಾಗದು.

ಆದ್ದರಿಂದ ಗಾದೆ ಇಲ್ಲಿ ತಲೆಕೆಳಗಾಗಿದೆ. ಕೆಂಬೂತ ನವಿಲನ್ನು ಅನುಕರಿಸಲಿಲ್ಲ. ತನ್ನ ನೆಲದ ಹಕ್ಕಿಯನ್ನೂ ತನ್ನ ನೆಲದ ಗೊಂಬೆಯನ್ನೂ ಹುಡುಕಿಕೊಂಡಿತು.

ನಮ್ಮ ಅಕ್ಷರ, ನಮ್ಮ ಗೋಡೆ

ಭಿತ್ತಿಪತ್ರದಲ್ಲಿ ಕನ್ನಡಕ್ಕೆ ಜಾಗ ಕೊಟ್ಟರೆ ಸಾಲದು. ಕೊಡುವ ಬಗೆಯೂ ಮುಖ್ಯ. ಎರಡು ಮೂರು ಲಿಪಿಗಳ ಭಿತ್ತಿಪತ್ರಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಮೊದಲು ಇಂಗ್ಲಿಷಿನ ಅಕ್ಷರಗಳಿಗೆ ಅಳತೆ ಕಟ್ಟುತ್ತಾರೆ, ಆಮೇಲೆ ಅದೇ ಅಳತೆಯ ಪೆಟ್ಟಿಗೆಯಲ್ಲಿ ಕನ್ನಡವನ್ನು ತುರುಕುತ್ತಾರೆ. ರೋಮನ್ ಅಕ್ಷರ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ನಿಲ್ಲುತ್ತದೆ. ಕನ್ನಡಕ್ಕೆ ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತಕ್ಷರ, ಪಕ್ಕದಲ್ಲಿ ದೀರ್ಘ. 'ರಾಷ್ಟ್ರೀಯ' ಎಂಬ ಒಂದು ಪದ ಕೇಳುವ ಎತ್ತರ ಇಂಗ್ಲಿಷಿನ ಎರಡು ಸಾಲಿನದು. ಸಾಲುಗಳ ನಡುವೆ ಆ ತೆರಪು ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ; ತಾಗಬಾರದೆಂದು ಅಕ್ಷರವನ್ನು ಕುಗ್ಗಿಸಿದರೆ ಅದು ರಸ್ತೆಯ ಆಚೆಯಿಂದ ಓದಲು ಬಾರದ ಚುಕ್ಕೆಗಳ ಸಾಲಾಗುತ್ತದೆ. ಲೊಕಾರ್ನೋದಲ್ಲಿ ಚುಕ್ಕೆಗಳೇ ಗುರುತಾದವು. ನಮ್ಮ ಅಕ್ಷರಗಳು ಚುಕ್ಕೆಗಳಾದರೆ ನಾವು ಕಾಣದವರಾಗುತ್ತೇವೆ.

ಹಾಗೆಂದು ನಮಗೆ ಪರಂಪರೆಯಿಲ್ಲದಿಲ್ಲ. ಕರಾವಳಿಯ ಯಕ್ಷಗಾನ ಮೇಳಗಳ ಕರಪತ್ರಗಳನ್ನು ನೆನೆಯಬಹುದು. ತೆಳುವಾದ ಬಣ್ಣದ ಕಾಗದ, ಮೊಳೆ ಅಚ್ಚಿನ ಮುದ್ರಣ, ಚಿತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪ್ರಸಂಗದ ಹೆಸರು ಎಲ್ಲಕ್ಕಿಂತ ದೊಡ್ಡದು, ಅದರ ಕೆಳಗೆ ಮೇಳದ ಹೆಸರು, ಸ್ಥಳ ಮತ್ತು ದಿನ, ಆಮೇಲೆ ಹಿಮ್ಮೇಳ ಮುಮ್ಮೇಳಗಳ ಕಲಾವಿದರು ಕ್ರಮವಾಗಿ. ಯಾರೂ ವಿನ್ಯಾಸಶಾಲೆಯಲ್ಲಿ ಓದಿದವರಲ್ಲ; ಆದರೆ ಮೂರು ದೂರಗಳ ನಿಯಮವನ್ನು ಆ ಮುದ್ರಕರು ತಿಳಿದಿದ್ದರು. ಬಣ್ಣವನ್ನು ಕಂಡೇ ಆಟವಿದೆ ಎಂದು ತಿಳಿಯುತ್ತಿತ್ತು, ಪ್ರಸಂಗದ ಹೆಸರು ಜಗಲಿಯಿಂದಲೇ ಓದಲು ಬರುತ್ತಿತ್ತು, ವೇಷಧಾರಿಗಳ ಹೆಸರನ್ನು ಕೈಯಲ್ಲಿ ಹಿಡಿದು ಓದಿಕೊಳ್ಳುತ್ತಿದ್ದರು. ಕುಂಬಳೆ ಸೀಮೆಯ ಪಾರ್ತಿಸುಬ್ಬನನ್ನು ಯಕ್ಷಗಾನದ ಪಿತಾಮಹನೆಂದು ಕೊಂಡಾಡುವ ನಾವು ಈ ಕರಪತ್ರಗಳನ್ನು ನಮ್ಮ ದೃಶ್ಯಪರಂಪರೆಯೆಂದು ಎಣಿಸಿಯೇ ಇಲ್ಲ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟವಿದೆ. ಅದರ ಸೂತ್ರದ ಬೊಂಬೆಗಳ ಕಿರೀಟ, ಭುಜಕೀರ್ತಿಗಳ ರೇಖೆಗಳಲ್ಲಿ ಚಿರತೆಯ ಮಚ್ಚೆಗಳಷ್ಟೇ ಸುಲಭವಾಗಿ ಕತ್ತರಿಸಿ ಬಳಸಬಹುದಾದ ವಿನ್ಯಾಸಗಳು ಬೇಕಾದಷ್ಟಿವೆ.

ಈಗ ನಮ್ಮ ಸಾಹಿತ್ಯ ಸಮ್ಮೇಳನಗಳ, ಚಲನಚಿತ್ರ ಪ್ರದರ್ಶನಗಳ, ರಾಜ್ಯೋತ್ಸವಗಳ ಫ್ಲೆಕ್ಸುಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡೋಣ. ಮೇಲೆ ಭುವನೇಶ್ವರಿ, ಹಿಂದೆ ಹಳದಿ-ಕೆಂಪು, ಕೆಳಗೆ ಎರಡು ಸಾಲು ಗಣ್ಯರ ಭಾವಚಿತ್ರಗಳು, ನಡುವೆ ಉಳಿದ ಜಾಗದಲ್ಲಿ ಕಾರ್ಯಕ್ರಮದ ಹೆಸರು. ಅದು ಮಂಜೇಶ್ವರದಲ್ಲಿ ನಡೆದರೂ ಸೊಲ್ಲಾಪುರದಲ್ಲಿ ನಡೆದರೂ ಹೊಸೂರಿನಲ್ಲಿ ನಡೆದರೂ ಫ್ಲೆಕ್ಸು ಒಂದೇ. ಬೆಂಗಳೂರಿನ ನವಿಲನ್ನು ನೋಡಿ ಕೆದರಿದ ಪುಕ್ಕ ಎಂದು ಯಾರಾದರೂ ಅಂದರೆ ಉತ್ತರ ಕೊಡುವುದು ಕಷ್ಟ. ಹಳದಿ-ಕೆಂಪು ನಮ್ಮ ನಂಟನ್ನು ಹೇಳುತ್ತದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ನಾವು ಎಲ್ಲಿಯವರು ಎಂಬುದನ್ನೂ ಅದರ ಪಕ್ಕದಲ್ಲಿ ಹೇಳಬೇಕು. ಸೊಲ್ಲಾಪುರದ ಸಂಘಕ್ಕೆ ಮಗ್ಗದ ಚಾದರದ ವಿನ್ಯಾಸವಿದೆ. ನೀಲಗಿರಿಯವರಿಗೆ, ತಾಳವಾಡಿಯವರಿಗೆ, ಆದೋನಿಯವರಿಗೆ ಅವರವರ ನೆಲದಲ್ಲಿ ಹುಡುಕಿದರೆ ಸಿಗುವಂಥದ್ದು ಇದ್ದೇ ಇರುತ್ತದೆ.

ಮುಂದೆ ಯಾವ ಸಂಘ ಭಿತ್ತಿಪತ್ರ ಮಾಡಿಸಹೊರಟರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ ಎಂಬುದು ನಮ್ಮ ಸೂಚನೆ. ಇದು ಯಾವ ಊರಿನದೆಂದು ಹೆಸರು ಓದದೆಯೇ ತಿಳಿಯುತ್ತದೆಯೇ? ನಮ್ಮೂರ ಅಂಗಡಿಯವನು, ಶಾಲೆಯ ಮಗು ಇದನ್ನು ತಾವೇ ಬರೆದು ಬಾಗಿಲಿಗೆ ಅಂಟಿಸಬಲ್ಲರೇ? ಕನ್ನಡವನ್ನು ಮೊದಲು ಬರೆದು ಉಳಿದದ್ದನ್ನು ಅದರ ಸುತ್ತ ಜೋಡಿಸಿದ್ದೇವೆಯೇ, ಅಥವಾ ಉಳಿದದ್ದನ್ನು ಜೋಡಿಸಿ ಮಿಕ್ಕ ಜಾಗದಲ್ಲಿ ಕನ್ನಡವನ್ನು ತುಂಬಿದ್ದೇವೆಯೇ? ಲೊಕಾರ್ನೋದವರು ಮೊದಲೆರಡು ಪ್ರಶ್ನೆಗಳಲ್ಲಿ ಪೂರ್ಣಾಂಕ ಪಡೆದು ಮೂರನೆಯದರಲ್ಲಿ ಅರ್ಧ ಕಳೆದುಕೊಂಡಿದ್ದಾರೆ. ಅವರ ಮೊದಲೆರಡನ್ನು ಕಲಿಯುವುದಕ್ಕೆ ನಮಗೆ ಹಣದ ಕೊರತೆ ಅಡ್ಡಿಯಾಗಲಾರದು. ಬಣ್ಣದ ಕಾಗದ ಈಗಲೂ ಅಗ್ಗ. ಮೂರನೆಯದನ್ನು ಮಾತ್ರ ನಾವು ಅವರಿಂದ ಕಲಿಯುವಂತಿಲ್ಲ, ನಾವೇ ಮಾಡಿ ತೋರಿಸಬೇಕಾಗಿದೆ.